ಸುಬ್ಬುವಿನ ಧಾರಾಪಾತ್ರೆ

ದೆಹಲಿಯ ಚಾಣಕ್ಯಪುರಿಯ ದೂತಾವಾಸವೊಂದರಲ್ಲಿ ಮೊದಲು ಬೆರಳಚ್ಚುಗಾರರಾಗಿ, ಅನಂತರ ಆಪ್ತ ಸಹಾಯಕರಾಗಿ ಇಪ್ಪತ್ತೊಂಬತ್ತು ವರ್ಷ ದುಡಿದ ದತ್ತಾತ್ರೇಯ ಉಡುಪರಿಗೆ ಒಂದು ಹೆಸರಿತ್ತು: ಅವರ ಕೈಗೆ ಕೊಟ್ಟ ವಸ್ತು ಕೊಟ್ಟ ಹಾಗೆಯೇ ಹಿಂದಿರುಗುತ್ತದೆ. ಕೊಡೆ, ಕಡತ, ಕಾರಿನ ಕೀಲಿ, ಒಮ್ಮೆ ಅಧಿಕಾರಿಯೊಬ್ಬರ ಹೆಂಡತಿಯ ಮುತ್ತಿನ ಸರ, ಯಾವುದೂ ಅವರ ಬಳಿ ಕಳೆದದ್ದಿಲ್ಲ, ಮುಕ್ಕಾದದ್ದೂ ಇಲ್ಲ. ಆದ್ದರಿಂದ ೨೦೦೪ರ ಮೇ ತಿಂಗಳಲ್ಲಿ ದೂತಾವಾಸದ ಕಾರ್ಯದರ್ಶಿ ಸಂಸಾರ ಸಮೇತ ರಜೆಗೆ ಹೊರಟಾಗ, ಅವರ ಒಂಬತ್ತು ವರ್ಷದ ಮಗಳು ಲೀನಾ ತಾನು ಸಾಕಿದ ಗೋಸುಂಬೆಯನ್ನು ಬೇರೆ ಯಾರ ಕೈಗೂ ಕೊಡಲು ಒಪ್ಪಲಿಲ್ಲ. ಆರು ವಾರಗಳ ಮಾತು. "ಪ್ರಾಮಿಸ್?" ಎಂದು ಕಿರುಬೆರಳು ಚಾಚಿದಳು. ಉಡುಪರು ಗಂಭೀರವಾಗಿ ತಮ್ಮ ಕಿರುಬೆರಳನ್ನು ಕೊಟ್ಟರು.

ಬುಧವಾರ ಸಂಜೆ, ಬಲೆ ಹೊದಿಸಿದ ಆಳೆತ್ತರದ ಪಂಜರವು ದೂತಾವಾಸದ ವ್ಯಾನಿನಲ್ಲಿ ಸರೋಜಿನಿ ನಗರದ ಅವರ ಕ್ವಾರ್ಟರ್ಸಿಗೆ ಬಂದಿತು. ಒಳಗೆ ಕುಂಡದಲ್ಲಿ ನೆಟ್ಟ ದಾಸವಾಳದ ಗಿಡ. ಅದರ ಕೊಂಬೆಯ ಮೇಲೆ ಗೇಣುದ್ದದ ಹಸಿರು ಪ್ರಾಣಿ, ನೆತ್ತಿಯ ಮೇಲೆ ಕಿರೀಟದಂಥ ಏಣು. ಒಂದು ಕಣ್ಣು ಉಡುಪರನ್ನು ನೋಡುತ್ತಿತ್ತು, ಇನ್ನೊಂದು ಅವರ ಹೆಂಡತಿ ರತ್ನಾ ಅವರನ್ನು.

"ಹೆಸರು ಆಸ್ಕರ್ ಅಂತೆ," ಎಂದರು ಉಡುಪರು.

"ಅದೆಲ್ಲ ನನ್ನ ಬಾಯಲ್ಲಿ ಹೊರಳುವುದಿಲ್ಲ. ಸುಬ್ಬು ಅನ್ನುತ್ತೇನೆ. ಏನು ತಿನ್ನುತ್ತದೆ?"

"ಮಿಡತೆ. ಜೀವ ಇರುವುದೇ ಆಗಬೇಕು."

"ಈ ಮನೆಯೊಳಗೆ ಇವತ್ತಿನವರೆಗೆ ಒಂದು ಮೊಟ್ಟೆ ಬಂದದ್ದಿಲ್ಲ, ಮಾರಾಯ್ರೇ!"

"ನಾವು ತಿನ್ನಬೇಕಾಗಿಲ್ಲವಲ್ಲ."

"ಅಷ್ಟಾದರೂ ಉಪಕಾರವಾಯಿತು," ಎಂದು ರತ್ನಾ ಒಳಗೆ ಹೋದರು. ಸಚಿವಾಲಯದಲ್ಲಿ ಗುಮಾಸ್ತೆಯಾಗಿದ್ದ ಅವರಿಗೆ ಎದುರಾಡುವುದೂ ಗೊತ್ತು, ಎಲ್ಲಿ ನಿಲ್ಲಿಸಬೇಕೆಂಬುದೂ ಗೊತ್ತು.

ಲೀನಾಳ ತಾಯಿ ಹೇಳಿದ್ದನ್ನು ಉಡುಪರು ಆರು ಅಂಶಗಳ ಪಟ್ಟಿಯಾಗಿ ಟೈಪು ಮಾಡಿ ಪಂಜರದ ಪಕ್ಕದ ಗೋಡೆಗೆ ಅಂಟಿಸಿದರು. ದಿನಕ್ಕೆ ಎಂಟು ಮಿಡತೆ, ಬೆಳಗಿನ ಬಿಸಿಲು ಎರಡು ಗಂಟೆ, ಸುಮ್ಮಸುಮ್ಮನೆ ಮುಟ್ಟಬಾರದು, ಹೀಗೆ. ಆರನೆಯದು, ಗಿಡಕ್ಕೆ ಎರಡು ಹೊತ್ತು ನೀರು. ಮರುದಿನ ಐದೂವರೆಗೇ ಪ್ಲಾಸ್ಟಿಕ್ ಡಬ್ಬಿ ಹಿಡಿದು ಉದ್ಯಾನಕ್ಕೆ ಹೋಗಿ, ಹುಲ್ಲಿನ ಮೇಲೆ ಮಂಡಿಯೂರಿ ಕುಳಿತರು. ವಾಯುಸೇವನೆಗೆ ಬಂದಿದ್ದ ಸರ್ದಾರ್ಜಿಯೊಬ್ಬರು ನಿಂತು, "ಕ್ಯಾ ಖೋ ಗಯಾ, ಭಾಯಿಸಾಬ್?" ಎಂದು ತಾವೂ ಹುಡುಕಲು ಬಗ್ಗಿದರು.

"ಕಳೆದದ್ದೇನೂ ಇಲ್ಲ, ನಾಶ್ತಾ ಹುಡುಕುತ್ತಿದ್ದೇನೆ," ಎಂದು ಉಡುಪರು ಹಿಂದಿಯಲ್ಲಿ ಹೇಳಿದರು. ಅವರು ತಮಾಷೆ ಮಾಡಿದಾಗಲೂ ಮುಖ ಬದಲಾಗುತ್ತಿರಲಿಲ್ಲ. ಸರ್ದಾರ್ಜಿ ಎರಡು ಹೆಜ್ಜೆ ಹಿಂದೆ ಸರಿದರು.

ಮೊದಲ ಮಿಡತೆಯನ್ನು ಬಿಟ್ಟಾಗ ರತ್ನಾ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡರು. ಬೆರಳ ಸಂದಿಯಿಂದ ನೋಡಿದರು. ನಾಲಿಗೆ ಹೊರಟದ್ದೂ ಮರಳಿದ್ದೂ ಕಾಣಲಿಲ್ಲ, ಮಿಡತೆ ಮಾತ್ರ ಇರಲಿಲ್ಲ. "ಅಯ್ಯೋ ಪಾಪ," ಎಂದರು. ಯಾರಿಗೆ ಎಂದು ಹೇಳಲಿಲ್ಲ. ಸಂಜೆ ದಾಸವಾಳದ ಹೂವನ್ನೂ ಅದು ತಿನ್ನುವುದನ್ನು ಕಂಡ ಮೇಲೆ ಅವರ ಮನಸ್ಸು ಅರ್ಧ ಕರಗಿತು. ಒಂದು ಸ್ಟೀಲಿನ ಬಟ್ಟಲಲ್ಲಿ ನೀರು ತುಂಬಿ ತಾವೇ ಒಳಗಿಟ್ಟರು.

ಮೇಲಿನ ಮಹಡಿಯ ಸೋಮಶೇಖರ ನೋಡಲೆಂದೇ ಇಳಿದು ಬಂದ. "ಗೋಸುಂಬೇನ ಹೊರದೇಶದಿಂದ ತರಿಸಬೇಕಿತ್ತಾ ಸಾರ್? ಎಲೆಕ್ಷನ್ ರಿಸಲ್ಟ್ ಬಂದಿದೆ. ಪಾರ್ಲಿಮೆಂಟ್ ಹತ್ರ ಹೋಗಿ ನಿಂತಿದ್ರೆ ಬುಟ್ಟಿಗಟ್ಟಲೆ ಸಿಗ್ತಿತ್ತು!"

"ಇದು ಆ ಜಾತಿಯಲ್ಲ," ಎಂದರು ಉಡುಪರು. "ಸಿಟ್ಟು ಬಂದರೆ ಕಪ್ಪಾಗುತ್ತದೆ, ನೆಮ್ಮದಿಯಾದರೆ ಹಸಿರಾಗುತ್ತದೆ. ಇದಕ್ಕೆ ಮುಚ್ಚಿಟ್ಟುಕೊಳ್ಳುವುದೇ ಬರುವುದಿಲ್ಲ."

"ನಿಮ್ಮ ಹಾಗಲ್ಲ ಹಾಗಾದರೆ," ಎಂದರು ರತ್ನಾ ಒಳಗಿನಿಂದ. "ಮದುವೆಯಾಗಿ ಇಪ್ಪತ್ತೇಳು ವರ್ಷ. ಮುಖ ನೋಡಿ ಒಂದು ಸಮಾಚಾರ ಗೊತ್ತಾದದ್ದಿಲ್ಲ ನನಗೆ."

ಶನಿವಾರ ಸುಬ್ಬು ಮಿಡತೆಯನ್ನು ನೋಡಿಯೂ ಸುಮ್ಮನಿತ್ತು. ಭಾನುವಾರ ಹಸಿರು ಹೋಗಿ ಒಣಗಿದ ಎಲೆಯ ಕಂದು ಬಂತು. ಗೋಪುರದಂತೆ ಉಬ್ಬಿದ್ದ ಕಣ್ಣುಗಳು ಒಳಗೆ ಇಳಿದಿದ್ದವು. ಹೊರಗೆ ನಲವತ್ನಾಲ್ಕು ಡಿಗ್ರಿ ಬಿಸಿಲು. ಉಡುಪರು ಫೋನು ಮಾಡಿದ ಪಶುವೈದ್ಯರು, ನಾಯಿ ಬೆಕ್ಕುಗಳಾದರೆ ಹೇಳಬಲ್ಲೆ, ಇದನ್ನು ನಾನು ಚಿತ್ರದಲ್ಲಿ ಮಾತ್ರ ಕಂಡಿದ್ದೇನೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಉಡುಪರು ಪಟ್ಟಿಯ ಆರೂ ಅಂಶಗಳನ್ನು ಮತ್ತೆ ಮತ್ತೆ ಓದಿದರು. ಎಲ್ಲಿಯೂ ತಪ್ಪಿರಲಿಲ್ಲ. ನೀರಿನ ಬಟ್ಟಲು ಇಟ್ಟದ್ದು ಇಟ್ಟಂತೆ ತುಂಬಿತ್ತು. ಊಟಕ್ಕೆ ಕುಳಿತಾಗ ಅವರು ತಮ್ಮ ಕಿರುಬೆರಳನ್ನು ನೋಡಿಕೊಳ್ಳುತ್ತಿದ್ದುದನ್ನು ರತ್ನಾ ಕಂಡರು.

ಮರುದಿನ ಸೋಮವಾರ. ಪಂಜರದ ಎದುರಿಗೇ ದೇವರ ಮೂಲೆ. ಉಡುಪರು ಮಿಂದು ಮಡಿಯುಟ್ಟು, ವಾಡಿಕೆಯಂತೆ ಸಣ್ಣ ಶಿವಲಿಂಗದ ಮೇಲೆ ಧಾರಾಪಾತ್ರೆಯನ್ನು ತೂಗುಹಾಕಿದರು. ಅದು ಅವರ ಅಜ್ಜನ ಕಾಲದ ತಾಮ್ರದ ಪಾತ್ರೆ. ತಳದ ಸಣ್ಣ ತೂತಿನಿಂದ ನೀರು ಹನಿಹನಿಯಾಗಿ ಬೀಳುತ್ತದೆ. ಮಂತ್ರ ಹೇಳುತ್ತಿದ್ದವರು ಏನೋ ಕೆರೆದ ಸದ್ದಿಗೆ ತಿರುಗಿದರು. ಎರಡು ದಿನದಿಂದ ಅಲುಗದಿದ್ದ ಸುಬ್ಬು ಬಲೆಗೆ ಬಂದು ಅಂಟಿಕೊಂಡಿತ್ತು. ಯಾವತ್ತೂ ಒಂದೇ ಕಡೆ ನೋಡದ ಅದರ ಎರಡು ಕಣ್ಣುಗಳು ಈಗ ಒಂದೇ ಕಡೆ, ಬೀಳುವ ಹನಿಯ ಮೇಲೆ ನೆಟ್ಟಿದ್ದವು.

ಉಡುಪರಿಗೆ ಆಗ ಹೊಳೆಯಿತು. ಲೀನಾಳ ಮನೆಯಲ್ಲಿ ತಾವೇ ಕಂಡಿದ್ದಂತೆ, ಮಾಲಿ ಗಿಡಕ್ಕೆ ನೀರು ಹಾಕುತ್ತಿದ್ದದ್ದು ಮೇಲಿನಿಂದ, ಎಲೆಗಳೆಲ್ಲ ತೋಯುವಂತೆ. ಈ ಪ್ರಾಣಿ ಕುಡಿಯುತ್ತಿದ್ದದ್ದು ಎಲೆಯಿಂದ ಜಾರುವ ಹನಿಯನ್ನು. ನಿಂತ ನೀರು ನೀರೆಂದೇ ಅದಕ್ಕೆ ಗೊತ್ತಿಲ್ಲ. ತಾವಾದರೋ ನೆಲ ಒದ್ದೆಯಾಗಬಾರದೆಂದು, ಒಂದು ಎಲೆಗೂ ಸೋಕದ ಹಾಗೆ, ಚಮಚದಲ್ಲಿ ಬುಡಕ್ಕಷ್ಟೇ ಎರೆದಿದ್ದರು. ತಪ್ಪಿದ್ದದ್ದು ಪಟ್ಟಿಯಲ್ಲಲ್ಲ, ತಮ್ಮ ಅಚ್ಚುಕಟ್ಟಿನಲ್ಲಿ.

ಅವರು ಮಂತ್ರವನ್ನು ಅರ್ಧಕ್ಕೆ ನಿಲ್ಲಿಸಿ, ಪಾತ್ರೆಗೆ ಕೈಯಿಟ್ಟು, ಹಾಗೆಯೇ ತಡೆದರು. "ರತ್ನಾ..."

ಬಾಗಿಲಲ್ಲಿ ನಿಂತಿದ್ದ ರತ್ನಾ ಎಲ್ಲವನ್ನೂ ನೋಡಿದ್ದರು. "ತೆಗೆಯಿರಿ, ಯಾಕೆ ನಿಂತಿರಿ? ಹಾವನ್ನೇ ಕೊರಳಿಗೆ ಸುತ್ತಿಕೊಂಡವನು ಇದಕ್ಕೆ ಬೇಜಾರು ಮಾಡುತ್ತಾನಾ?"

ಪಂಜರದ ಮೇಲಿಂದ ತೂಗಿದ ಪಾತ್ರೆಯ ಮೊದಲ ಹನಿ ದಾಸವಾಳದ ಎಲೆಯ ಮೇಲೆ ಬಿದ್ದು, ತುದಿಗೆ ಜಾರಿ, ನಿಂತಿತು. ಸುಬ್ಬು ಬಾಯಿ ತೆರೆಯಿತು. ಇಪ್ಪತ್ತು ನಿಮಿಷ ಕುಡಿಯಿತು. ನೆಲದ ಮೇಲೆ ಹರಿದ ನೀರನ್ನು ಒರೆಸಲು ಇಬ್ಬರಿಗೂ ನೆನಪಾಗಲಿಲ್ಲ. ಅಂದು ಉಡುಪರು ಕಚೇರಿಗೆ ಹತ್ತು ನಿಮಿಷ ತಡವಾಗಿ ಹೋದರು. ಕಾರಣ ಕೇಳಿದವರಿಗೆ ಅಭಿಷೇಕವಿತ್ತು ಎಂದರು.

ಜೂನ್ ಕೊನೆಯ ವಾರ ಲೀನಾ ಬಂದಾಗ ಸುಬ್ಬು ಎಳೆ ಬಾಳೆಲೆಯ ಬಣ್ಣದಲ್ಲಿ ಕೊಂಬೆಯ ತುದಿಯಲ್ಲಿ ಕುಳಿತಿತ್ತು. ಹುಡುಗಿ ಕುಣಿದಾಡಿದಳು. ಉಡುಪರು ಏಳನೆಯ ಅಂಶವನ್ನು ಸೇರಿಸಿ ಹೊಸದಾಗಿ ಟೈಪು ಮಾಡಿದ ಪಟ್ಟಿಯನ್ನು ಅವಳಿಗೆ ಒಪ್ಪಿಸಿ, ಅದರ ಕಾರಣವನ್ನೂ ತಮ್ಮ ತಪ್ಪನ್ನೂ ಅವಳ ತಾಯಿಗೆ ಬಿಡಿಸಿ ಹೇಳಿದರು. ವ್ಯಾನು ಹೊರಡುವ ಹೊತ್ತಿಗೆ ರತ್ನಾ ಕಾಗದದಲ್ಲಿ ಸುತ್ತಿದ ಧಾರಾಪಾತ್ರೆಯನ್ನು ತಂದು ಹುಡುಗಿಯ ಮಡಿಲಲ್ಲಿಟ್ಟರು. ಉಡುಪರು ಕಾಗದದ ಸಡಿಲವಾದ ಅಂಚನ್ನು ಮಡಚಿ ಸರಿಪಡಿಸಿದರು.

"ದೇವರಿಗೆ ಬೇರೆ ತಂದರಾಯಿತು," ಎಂದರು ರತ್ನಾ, ವ್ಯಾನು ಮರೆಯಾದ ಮೇಲೆ. ಆಮೇಲೆ ಗಂಡನ ಕಡೆ ತಿರುಗಿ, "ಮುಖ ಯಾಕೆ ಹಾಗಿದೆ?"

"ಹೇಗಿದೆ?"

"ನೋಡಿದರೆ ಗೊತ್ತಾಗುವ ಹಾಗಿದೆ."

ಡಬ್ಬಿಯಲ್ಲಿ ಐದು ಮಿಡತೆಗಳು ಉಳಿದಿದ್ದವು. ಉಡುಪರು ಅದನ್ನೆತ್ತಿಕೊಂಡು, ತಂದಲ್ಲಿಗೇ ಬಿಟ್ಟುಬರಲು ಉದ್ಯಾನದ ಕಡೆ ನಡೆದರು.