ತಕ್ಕಡಿ ಮಾವ ಬಿಟ್ಟ ಮಾತ್ರೆ

ತಕ್ಕಡಿ ರಿಪೇರಿ ಮಾಡುವ ಅವನನ್ನು ಬೀದಿಯೆಲ್ಲ ‘ತಕ್ಕಡಿ ಮಾವ’ ಎಂದೇ ಕರೆಯುತ್ತಿತ್ತು. ಪೇಟೆಯಲ್ಲಿ ಕೆಟ್ಟ ತಕ್ಕಡಿಗಳೆಲ್ಲ ಅವನ ಮೇಜಿಗೇ ಬರಬೇಕು. ಸರಿಮಾಡಿದ ಮೇಲೆ ಸರ್ಕಾರಿ ಮುದ್ರೆಯ ತೂಕದ ಕಲ್ಲಿಟ್ಟು ನೋಡದೆ ಕೊಟ್ಟವನಲ್ಲ. “ಪಕ್ಕದಂಗಡಿ ತಕ್ಕಡಿಗೆ ಹೊಂದುತ್ತೆ, ಸಾಕು ಬಿಡಿ” ಎಂದು ಯಾರಾದರೂ ಅವಸರಪಡಿಸಿದರೆ ಮೂಗಿನ ತುದಿಯಲ್ಲೇ ಕೋಪ. “ಎರಡೂ ಸೇರಿ ಒಂದೇ ಸುಳ್ಳು ಹೇಳ್ತಿದ್ರೆ?” ಎಂದು ಗದರುತ್ತಿದ್ದ.

ಇಂಥ ಮನುಷ್ಯ ಬಿಪಿ ಮಾತ್ರೆಯ ವಿಷಯಕ್ಕೆ ಬಂದಾಗ ಹಳ್ಳಕ್ಕೆ ಬಿದ್ದ. ಬೆಳ್ಳುಳ್ಳಿ ನೀರು ಕುಡಿದರೆ ಮಾತ್ರೆಯೇ ಬೇಡವೆಂದು ಮೊಬೈಲಿನ ವಿಡಿಯೋ ಹೇಳಿತು, ಪತ್ರಿಕೆಯ ಆರೋಗ್ಯ ಪುಟ ಹೇಳಿತು, ಕಟಿಂಗ್ ಅಂಗಡಿಯ ಬಾಲ್ಯದ ಗೆಳೆಯನೂ “ನಾನಂತೂ ಮಾತ್ರೆ ಬಿಟ್ಟೆ” ಎಂದ. ಮಾವನ ಮಾತ್ರೆ ಡಬ್ಬಿ ಅಟ್ಟ ಸೇರಿತು. ಹೆಂಡತಿಗೆ ಭಯ. ಅವಳ ಅಣ್ಣ ಹೀಗೇ ಮಾತ್ರೆ ಬಿಟ್ಟು, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ.

“ಮೂರು ಕಡೆ ಹೇಳಿದ್ದು ಸುಳ್ಳಾಗುತ್ತೇನೇ?” ಎಂದ ಮಾವ.

“ಮೂರು ತಕ್ಕಡಿ ಒಂದೇ ತೂಕ ತೋರಿಸಿದ್ರೆ ನೀವು ಒಪ್ಕೊಂಡುಬಿಡ್ತೀರೇನ್ರೀ?” ಎಂದಳು ಅವಳು.

ಮಾವ ಕನ್ನಡಕ ಏರಿಸಿಕೊಂಡು ವಿಡಿಯೋವನ್ನು ಮತ್ತೆ ನೋಡಿದರೆ, ಅದರಲ್ಲಿದ್ದವನು ಓದುತ್ತಿದ್ದದ್ದು ಅದೇ ಪತ್ರಿಕೆಯ ಪುಟವನ್ನು! ಪುಟ ಹುಡುಕಿ ತೆಗೆದ. ಯಾರು ಪರೀಕ್ಷೆ ಮಾಡಿದರು, ಎಷ್ಟು ಜನರ ಮೇಲೆ ಮಾಡಿದರು, ಒಂದಕ್ಷರವೂ ಇಲ್ಲ. ಅಡಿಯಲ್ಲಿ ಬೆಳ್ಳುಳ್ಳಿ ಗುಳಿಗೆ ಮಾರುವ ಕಂಪನಿಯ ಹೆಸರು, ಪಕ್ಕದಲ್ಲಿ ಸಣ್ಣಗೆ ‘ಜಾಹೀರಾತು’.

ಮೂರರಲ್ಲಿ ಎರಡು ಬಿದ್ದುಹೋದವು. ಆದರೂ ಗೆಳೆಯ ಇದ್ದಾನಲ್ಲ, ಅವನು ಸುಮ್ಮಸುಮ್ಮನೆ ನಂಬುವ ಆಸಾಮಿಯಲ್ಲ. ಮಾವ ಚಪ್ಪಲಿ ಮೆಟ್ಟಿ ಹೊರಟ.

ಗೆಳೆಯ ಗಿರಾಕಿಯೊಬ್ಬನ ಕೆನ್ನೆಗೆ ನೊರೆ ಹಚ್ಚುತ್ತಿದ್ದ.

“ಬೆಳ್ಳುಳ್ಳಿ ನೀರಿನ ವಿಷಯ ನಿಂಗೆ ಯಾರಯ್ಯ ಹೇಳಿದ್ದು?”

“ಒಳ್ಳೇ ಕತೆ! ವಿಡಿಯೋ ಕಳಿಸಿದ್ದು ನೀನೇ ಅಲ್ವಾ? ನೀನು ಏನನ್ನೂ ಪರೀಕ್ಷೆ ಮಾಡದೆ ಒಪ್ಪೋನಲ್ಲ ಅಂತ ಅವತ್ತೇ ಮಾತ್ರೆ ಬಿಟ್ಟೆ.”

ತನಗೇನಾದರೂ ಆಗಲಿ, ತನ್ನನ್ನು ನಂಬಿ ಇವನಿಗೇನಾದರೂ ಆಗಿದ್ದರೆ ಎಂದು ಮಾವ ಹೆದರಿದ. “ನಾನು ಏನೂ ನೋಡಿರ್ಲಿಲ್ಲ ಕಣೋ. ನಿನ್ನನ್ನ ನಂಬ್ಕೊಂಡು ಕೂತಿದ್ದೆ” ಎಂದು ಅವನ ಕೈ ಹಿಡಿದುಕೊಂಡ. “ನಡಿ, ಈಗ್ಲೇ ಡಾಕ್ಟರ ಹತ್ರ ಹೋಗೋಣ.”

“ಸ್ವಾಮೀ, ನನ್ನ ಗಡ್ಡ?” ಎಂದ ನೊರೆ ಮೆತ್ತಿಕೊಂಡ ಗಿರಾಕಿ. ಮೂವರಿಗೂ ನಗು ಬಂತು.

“ಡಾಕ್ಟರು ಚೆನ್ನಾಗಿ ಬೈತಾರೆ ಕಣೋ” ಎಂದ ಗೆಳೆಯ, ರೇಜರ್ ಎತ್ತಿಕೊಳ್ಳುತ್ತ.

“ಬೈಲಿ ಬಿಡು” ಎಂದು ಮಾವ ಬೆಂಚಿನ ಮೇಲೆ ನಿರಾಳವಾಗಿ ಕುಳಿತ. “ಬೈಸ್ಕೊಳ್ಳೋಕೆ ಇಬ್ಬರೂ ಇದ್ದೀವಲ್ಲ.”