ಡ್ರಿಲ್ ಟೀಚರ್ ಮತ್ತು ನಮ್ಮ ಏಳು ಬುತ್ತಿಗಳು

2018 ಅಕ್ಟೋಬರ್ 14, ಭಾನುವಾರ, ಬೆಳಿಗ್ಗೆ 6.10ಕ್ಕೆ ಬರೆಯಲು ಕೂತೆ.

ನಮ್ಮ ಡ್ರಿಲ್ ಟೀಚರ ಕುತ್ತಿಗೆಯಲ್ಲಿ ಸೀಟಿಯ ದಾರ ಉಜ್ಜಿ ಉಜ್ಜಿ ಕಪ್ಪು ಗೆರೆ ಮೂಡಿತ್ತು. ರೇಷ್ಮೆ ಸೀರೆ ಉಟ್ಟು ಇಗರ್ಜಿಯ ಪ್ರಾರ್ಥನೆಗೆ ಹೋಗುವಾಗಲೂ ಅದನ್ನು ಮುಚ್ಚಿಕೊಂಡವರಲ್ಲ. ಮಂಜೇಶ್ವರದಿಂದ ಬಸ್ಸಿನಲ್ಲಿ ಕುಂಬಳೆಗೆ ಬಂದು ಹೈಸ್ಕೂಲಿನ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದರು.

ಶಾಲೆಯ ಊಟ ಎಂಟನೇ ಕ್ಲಾಸಿನವರೆಗೆ ಮಾತ್ರ. ಒಂಬತ್ತನೆಯವರಾದ ನಮಗೆ ಮನೆಯ ಬುತ್ತಿ. ನನ್ನದರಲ್ಲಿ ಕುಚ್ಚಲಕ್ಕಿ ಅನ್ನ, ಉಪ್ಪಿನಕಾಯಿ, ಅಷ್ಟೇ. ಎರಡನೇ ರೈಡಿಗೇ ಕಣ್ಣು ಕತ್ತಲೆ ಬರುತ್ತಿತ್ತು. ಟೀಚರ್ ನನ್ನನ್ನು ಏನೂ ಕೇಳಲಿಲ್ಲ. ಮರುದಿನ ತಂಡದ ಏಳೂ ಬುತ್ತಿಗಳನ್ನು ವರಾಂಡದಲ್ಲಿ ತೆರೆದಿಡಿಸಿದರು. ಮೀನು ತಿನ್ನದವಳ ಹುರುಳಿ ಪಲ್ಯ ಮೊದಲು ಎಲ್ಲರ ಕೈ ಸುತ್ತಬೇಕು, ಆಮೇಲೆ ಮೊಟ್ಟೆ, ಕೊನೆಗೆ ಬ್ಯಾರಿ ಗೆಳತಿಯ ಹುರಿದ ಬೂತಾಯಿ ಮೀನು.

“ಅನ್ನ ಓಡ್ಲಿಕ್ಕೆ, ಬೇಳೆ, ಮೀನು ಮೈ ಕಟ್ಲಿಕ್ಕೆ, ತೆಂಗಿನಕಾಯಿ ಬಾಳ್ಲಿಕ್ಕೆ. ಒಬ್ಬಳ ಮನೆಯಲ್ಲಿ ಮೂರೂ ಇಲ್ಲ. ಏಳು ಮನೆಯಲ್ಲಿ ಉಂಟಲ್ಲ?” ಎಂದರು ಟೀಚರ್.

ಉಪಜಿಲ್ಲಾ ಪಂದ್ಯದ ಮೊದಲು ಚಾಕೊಲೇಟಿನಂಥ ಪೌಷ್ಟಿಕ ಬಾರುಗಳ ಏಜೆಂಟನೊಬ್ಬ ಕ್ಯಾಮರಾ ಹಿಡಿದು ಬಂದ. ತಂಡಕ್ಕೆಲ್ಲ ಶೂ, ಜೆರ್ಸಿ ಕೊಡುತ್ತಾನಂತೆ. ಒಂದು ತಿಂಗಳು ನಾವು ಮಧ್ಯಾಹ್ನ ಊಟ ಬಿಟ್ಟು ಬಾರ್ ಮಾತ್ರ ತಿನ್ನಬೇಕು. ನಮ್ಮ ಫೋಟೋ ಹೆದ್ದಾರಿಯ ಫ್ಲೆಕ್ಸಿಗೆ. ನಾವೆಲ್ಲ ಬರಿಗಾಲಿನವರು. ಶೂ ಎಂದಾಗ ಆಸೆಯಾದದ್ದು ನಿಜ.

“ಟೀಚರೇ, ಪ್ರೊಟೀನು, ಕಾರ್ಬೋಹೈಡ್ರೇಟು, ಕೊಬ್ಬು, ಎಲ್ಲ ಲೆಕ್ಕ ಪ್ರಕಾರ ಇದರಲ್ಲೇ ಉಂಟು,” ಎಂದ ಏಜೆಂಟ್.

ಟೀಚರ್ ನನ್ನತ್ತ ಕೈ ತೋರಿಸಿದರು. “ಒಳ್ಳೆಯದಾಯ್ತು ಮಾರಾಯ್ರೇ. ನೀವು ಒಂದು ವಾರ ಮಧ್ಯಾಹ್ನ ಇದನ್ನೇ ತಿನ್ನಿ. ಮತ್ತೆ ಬಂದು ಕಬಡ್ಡಿಯಲ್ಲಿ ಇವಳನ್ನು ಹಿಡೀರಿ. ಹಿಡಿದ್ರೆ ಫೋಟೋ ತೆಗೀರಿ.”

ಪಕ್ಕದಲ್ಲೇ ಇದ್ದ ಹೆಡ್ಮಾಸ್ಟ್ರಿಗೆ ಸಿಟ್ಟು ಬಂತು. “ಮಕ್ಕಳ ಕಾಲು ನೋಡಿ ಟೀಚರೇ. ಶೂ ಬೇಡ್ವಾ?”

“ಬೇಕು ಸರ್. ಹೊಟ್ಟೆ ಕೊಟ್ಟು ಕಾಲಿಗೆ ತೆಕ್ಕೊಳ್ಳುದಾ?”

ಏಜೆಂಟ್ ನಮ್ಮ ಕಡೆ ತಿರುಗಿದ. ಬೂತಾಯಿಯ ಗೆಳತಿ ಮೆಲ್ಲಗೆ ಹೇಳಿದಳು: “ಬಾರ್ ತಿಂತೇವೆ ಸರ್. ಊಟ ಆದ ಮೇಲೆ ಕೊಡಿ.”

ಅವನು ಚೀಲ ಎತ್ತಿಕೊಂಡು ಹೊರಟ.

ಬರಿಗಾಲಲ್ಲೇ ಆಡಿದೆವು. ಸೆಮಿಫೈನಲಿನಲ್ಲಿ ಎರಡು ಪಾಯಿಂಟಿಗೆ ಸೋತೆವು. ಶೂ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದವರಿಗೆ ನಾನು ಇಂದಿಗೂ ಹೇಳುವುದಿಷ್ಟೇ: ಶೂ ಹಾಕಿದ ನಾಲ್ಕು ತಂಡಗಳು ನಮಗಿಂತ ಮೊದಲೇ ಮನೆಗೆ ಹೋಗಿದ್ದವು.

ಜೂನಿನಲ್ಲಿ, ನಾವು ಹತ್ತನೆಯದಕ್ಕೆ ಬಂದಾಗ, ಹೆಡ್ಮಾಸ್ಟ್ರು ತಂಡವನ್ನು ಬೇರೆ ಮಾಸ್ಟ್ರಿಗೆ ಕೊಟ್ಟರು. ಆ ಮಧ್ಯಾಹ್ನ ಟೀಚರ್ ತಮ್ಮ ಬುತ್ತಿ ಹಿಡಿದು ವರಾಂಡಕ್ಕೆ ಬಂದರು. ನಾವು ಹಿಂದೆ ಮುಂದೆ ನೋಡುತ್ತ ನಿಂತಿದ್ದೆವು. “ತಂಡ ಅವರದ್ದು. ಹಸಿವು ನಿಮ್ಮದೇ ಅಲ್ವಾ? ಕೂತ್ಕೊಳ್ಳಿ,” ಎಂದರು. ಆ ವರ್ಷ ನನಗೆ ಒಮ್ಮೆಯೂ ಕಣ್ಣು ಕತ್ತಲೆ ಬರಲಿಲ್ಲ. ನನ್ನ ಆಗಿನ ಡೈರಿಯಲ್ಲಿ, ಕಣ್ಣು ಕತ್ತಲೆ ಬಂದ ದಿನ ಗುರುತಿಸಲೆಂದೇ ಎಳೆದ ಕಾಲಂ ಖಾಲಿ ಉಳಿದಿದೆ.

ನಾವು ಹತ್ತನೆಯದು ಮುಗಿಸುವಾಗ ಅವರಿಗೆ ವರ್ಗವಾಯಿತು. ಕಳೆದ ತಿಂಗಳು ತೀರಿಕೊಂಡರು. ಕೊನೆಯ ಶಾಲೆಯಲ್ಲಿ ಅವರು ತಣ್ಣಗಾಗಿದ್ದರು, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು ಎಂದು ಅಂತ್ಯಕ್ರಿಯೆಯಲ್ಲಿ ಯಾರೋ ಅಂದರು. ನಾನು ನಂಬುವುದಿಲ್ಲ. ಅಲ್ಲಿ ಅವರ ಕೈಕೆಳಗೆ ಆಡಿದವರು ಇದನ್ನು ಓದಿದರೆ ದಯವಿಟ್ಟು ಬರೆಯಿರಿ: ಮಧ್ಯಾಹ್ನ ನೀವು ಎಲ್ಲಿ ಕೂತು, ಯಾರ ಬುತ್ತಿಯಿಂದ ಉಣ್ಣುತ್ತಿದ್ದಿರಿ?