ಮಗ್ಗ ನಿಂತಾಗ ತಿರುಗುತ್ತಿದ್ದವನು

ನನ್ನ ಮಗನಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಬಹಳ ದಿನ ಎರಡು ಉತ್ತರಗಳಿದ್ದವು, ಎರಡೂ ಸರಿಯಾಗಿದ್ದವು. ಮನೆಯಲ್ಲಿ ಕೇಳುತ್ತಿತ್ತು. ಅಂಗನವಾಡಿಯಲ್ಲಿ ಕೇಳುತ್ತಿರಲಿಲ್ಲ. ಹೀಗೆಂದು ಯಾರಿಗಾದರೂ ಹೇಳಿದರೆ ಅವರು ಮಗುವನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು.

ನಾನು ಹನೂರಿನ ಕಡೆಯವಳು. ನಮ್ಮಪ್ಪನ ಮನೆಯಲ್ಲೂ ಯಾವುದೋ ಕಾಲಕ್ಕೆ ಮಗ್ಗ ಇತ್ತಂತೆ, ನಾನು ಕಂಡದ್ದು ಮುಸುಕಿನ ಜೋಳದ ಹೊಲ ಮಾತ್ರ. ಮದುವೆಯಾಗಿ ಬಂದದ್ದು ಕೊಳ್ಳೇಗಾಲದ ರೇಷ್ಮೆ ಸೀರೆ ನೇಯುವ ಮನೆಗೆ. ನಡುಮನೆಯ ತುಂಬ ಒಂದೇ ಮಗ್ಗ. ಮಾವ ಮಗ್ಗದ ಕೆಳಗಿನ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಲು ಶುರು ಮಾಡಿದರೆ ಅಡುಗೆಮನೆಯ ಲೋಟಗಳೆಲ್ಲ ಸಣ್ಣಗೆ ಅಲುಗುತ್ತವೆ. ಬಂದ ಹೊಸದರಲ್ಲಿ ನನಗೆ ತಲೆ ಚಿಟ್ಟು ಹಿಡಿದುಹೋಗುತ್ತಿತ್ತು. ಆಮೇಲೆ ಮನೆಯ ರೀತಿ ಗೊತ್ತಾಯಿತು. ಮಗ್ಗ ಓಡುವಾಗ ಇಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ, ಕೂಗಿದರೂ ಪ್ರಯೋಜನವಿಲ್ಲ. ಮಾವನನ್ನು ಊಟಕ್ಕೆ ಎಬ್ಬಿಸಬೇಕಾದರೆ ಎದುರಿಗೆ ಬಂದು ಕೈ ಆಡಿಸಬೇಕು. ಅವರಿಗೆ ಯಾರಾದರೂ ಬೇಕಾದರೆ ಮೊದಲು ಮಗ್ಗ ನಿಲ್ಲಿಸುತ್ತಾರೆ, ಆಮೇಲೆ ಕರೆಯುತ್ತಾರೆ. ಮಗ್ಗ ನಿಂತಿತೆಂದರೆ ಯಾರಿಗೋ ಕರೆ ಬಂತು ಎಂದೇ ಲೆಕ್ಕ. ನಾನೂ ಅತ್ತೆಯೂ ಕೆಲಸ ಬಿಟ್ಟು ತಲೆ ಎತ್ತುತ್ತೇವೆ.

ಮಗ ಹುಟ್ಟಿದ ಮೇಲೆ ಅವನೂ ಇದನ್ನೇ ಕಲಿತ. ಮಗ್ಗದ ಸದ್ದಿನಲ್ಲಿ ಗಾಢವಾಗಿ ಮಲಗುತ್ತಿದ್ದ, ಸದ್ದು ನಿಂತ ಕೂಡಲೇ ಕಣ್ಣು ಬಿಡುತ್ತಿದ್ದ. ತೆವಳುವ ಕಾಲಕ್ಕೆ ಮಗ್ಗದ ಕಂಬಕ್ಕೆ ಒರಗಿ ಕೂರುವುದು ಕಲಿತ. ಮಾವ ನಿಲ್ಲಿಸಿ "ಬಾರಪ್ಪಾ" ಎಂದರೆ ತಿರುಗಿ, ಹಲ್ಲಿಲ್ಲದ ಬಾಯಿ ಅಗಲಿಸಿ, ಅವರ ಕಡೆಗೆ ಹೊರಟುಬಿಡುತ್ತಿದ್ದ. ಮಾವನಿಗೆ ಹೆಮ್ಮೆಯೋ ಹೆಮ್ಮೆ. ಸಂಜೆ ಮಗ್ಗ ಮುಚ್ಚಿದ ಮೇಲೆ ಹುಡುಗ ಯಾರದಾದರೂ ಕಂಕುಳಲ್ಲೇ ಇರುತ್ತಿದ್ದುದರಿಂದ ಅವನನ್ನು ಹಿಂದಿನಿಂದ ಕರೆಯುವ ಪ್ರಮೇಯವೇ ನಮಗೆ ಬರಲಿಲ್ಲ.

ಎರಡು ತುಂಬಿ ಎಷ್ಟೋ ದಿನವಾದರೂ ಮಾತು ಬರಲಿಲ್ಲ. ಗಂಡುಮಕ್ಕಳು ತಡ ಎಂದರು ಅತ್ತೆ. ಯಳಂದೂರಿಗೆ ಕೊಟ್ಟ ನಾದಿನಿ ಫೋನಿನಲ್ಲಿ, ತನ್ನ ಮಗ ಶಾಲೆಗೆ ಸೇರುವ ಹೊತ್ತಿಗೆ ಬಾಯಿಬಿಟ್ಟ, ಈಗ ಮುಚ್ಚಿಸುವುದೇ ಕಷ್ಟ ಎಂದಳು. ಹನೂರಿಗೆ ಕರೆದುಕೊಂಡು ಹೋದರೆ ನಮ್ಮಮ್ಮ ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು. ಹುಡುಗ ಕಹಿಗೆ ಅವಳ ಸೆರಗಿನ ಮೇಲೆಯೇ ಉಗಿದ. ಅಲ್ಲಿ ಅಮ್ಮ ಎಷ್ಟು ಕೂಗಿದರೂ ತಿರುಗಲಿಲ್ಲ. ನಮ್ಮಮ್ಮನ ಮಾತಿನಲ್ಲಿ ಅರ್ಧ ತಮಿಳು.

"ನನ್ ಭಾಷೆ ಇದ್ಕೆ ತಿಳಿಯಾಕಿಲ್ಲ ಕಣವ್ವ," ಎಂದು ಅವಳೇ ಸಮಾಧಾನ ಮಾಡಿಕೊಂಡಳು. ನಾನೂ ಹೌದೆಂದುಕೊಂಡೆ.

ಅಂಗನವಾಡಿಗೆ ಸೇರಿಸಿದ ಮೇಲೆ ಶುರುವಾಯಿತು ನೋಡಿ. ಅಲ್ಲಿನ ಟೀಚರ್ ಒಂದು ದಿನ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ಹುಡ್ಗ ಹಾಡ್ಗೂ ತಿರುಗಲ್ಲ, ಕರುದ್ರೂ ತಿರುಗಲ್ಲ. ನಾನು ಮೊದ್ಲು ಹಟ ಅಂದ್ಕಂಡಿದ್ದೆ. ಒಂದ್ಸಲ ಕಿವಿ ತೋರಿಸ್ಬಾರ್ದಾ?" ಎಂದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. "ನೀವು ಸರಿಯಾಗಿ ಕರೀರಿ, ಬತ್ತಾನೆ," ಎಂದು ಹೇಳಿ ಮಗನನ್ನು ಎತ್ತಿಕೊಂಡು ಬಂದೆ.

ಮನೆಗೆ ಬಂದು ಹೇಳಿದರೆ ಮಾವನಿಗೆ ನನಗಿಂತ ಹೆಚ್ಚು ಸಿಟ್ಟು. ಮರುದಿನ ಟೀಚರನ್ನೇ ಮನೆಗೆ ಕರೆಸಿದರು. ಹುಡುಗ ಎಂದಿನಂತೆ ಕಂಬಕ್ಕೆ ಒರಗಿ, ನಮಗೆ ಬೆನ್ನು ಹಾಕಿ, ನೂಲು ಬಿಚ್ಚಿದ ಖಾಲಿ ಕಂಡಿಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಮಾವ ಸ್ವಲ್ಪ ಹೊತ್ತು ನೇಯ್ದರು, ನಿಲ್ಲಿಸಿದರು, "ಬಾರಪ್ಪಾ" ಎಂದರು. ತಟ್ಟನೆ ತಿರುಗಿದ. ಇನ್ನೊಮ್ಮೆ ನೇಯ್ದು, ನಿಲ್ಲಿಸಿ, ಈ ಸಲ ಬೇಕೆಂದೇ ಪಿಸುದನಿಯಲ್ಲಿ ಕರೆದರು. ಅದಕ್ಕೂ ತಿರುಗಿದ.

"ನೋಡುದ್ರಾ ಟೀಚರಮ್ಮ? ಪಿಸುಗುಟ್ಟಿದ್ರೂ ಕೇಳ್ತದೆ ನಮ್ ಕೂಸ್ಗೆ," ಎಂದರು ಮಾವ.

ಟೀಚರ್ ಪೆಚ್ಚಾದರು. "ನಂಗೇ ಏನೂ ತಿಳೀತಿಲ್ಲ ಸಾ," ಎಂದು ಅತ್ತೆ ಕೊಟ್ಟ ಕಾಫಿ ಕುಡಿದು ಹೋದರು. ಗೆದ್ದ ಸಂತೋಷ ನನಗೆ ಒಂದು ಗಳಿಗೆಯೂ ಉಳಿಯಲಿಲ್ಲ. ಆ ಹೆಂಗಸು ಸುಳ್ಳು ಹೇಳುವವರಲ್ಲ, ಮಾವನೂ ಅಲ್ಲ.

ಅಲ್ಲಿಂದಾಚೆಗೆ ನಾನು ಮಗನನ್ನು ಕಳ್ಳನನ್ನು ಕಾಯುವ ಪೊಲೀಸಿನವಳ ಹಾಗೆ ಕಾದೆ. ಕಾದಷ್ಟೂ ಗೊಂದಲ ಹೆಚ್ಚಿತು. ಬೀದಿಯಲ್ಲಿ ಹಿಂದಿನಿಂದ ಬೈಕಿನವನು ಹಾರನ್ ಹೊಡೆದು ಹೊಡೆದು ಬೈದರೂ ಇವನಿಗೆ ಪರಿವೆಯಿಲ್ಲ, ನಾನೇ ರಟ್ಟೆ ಹಿಡಿದು ಎಳೆದುಕೊಳ್ಳಬೇಕು. ಆದರೆ ಕುಂತೂರಿನ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಇನ್ನೂ ತಿರುವಿನಲ್ಲಿರುವಾಗಲೇ ನಿಂತು ಹಿಂದಕ್ಕೆ ನೋಡುತ್ತಾನೆ. ತಟ್ಟೆ ಬಡಿದರೆ ಒಮ್ಮೆ ತಿರುಗುತ್ತಾನೆ, ಇನ್ನೊಮ್ಮೆ ಇಲ್ಲ. ಬೇಕಾದ್ದು ಮಾತ್ರ ಕೇಳುವ ಕಿವಿ ಇವನದು, ಥೇಟ್ ಅಪ್ಪನ ಹಾಗೆ ಎಂದು ನನ್ನ ಗಂಡನನ್ನು ರೇಗಿಸಿದೆ. ಅವರು ನಗಲಿಲ್ಲ. ನನಗೂ ಒಳಗೆ ಹೆದರಿಕೆ ಶುರುವಾಗಿತ್ತು. ಕಿವುಡಾಗಿದ್ದರೆ ಕಿವುಡೆಂದಾದರೂ ಗೊತ್ತಾಗಲಿ ದೇವರೇ ಎಂದು ಬೇಡಿಕೊಂಡದ್ದೂ ಉಂಟು. ಹಾಗೆ ಬೇಡಿಕೊಂಡೆನಲ್ಲ ಎಂದು ಅತ್ತದ್ದೂ ಉಂಟು.

ಅಷ್ಟರಲ್ಲಿ ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ಹಾಸು ಮುಗಿಯಿತು. ಸೀರೆಗಳು ಇಳಿದ ಮೇಲೆ ಹೊಸ ಹಾಸಿನ ಎಳೆಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಜೋಡಿಸಬೇಕು. ಅದು ದಿನಗಟ್ಟಲೆ ಹಿಡಿಯುವ ಕೆಲಸ, ಅಷ್ಟು ದಿನವೂ ಮಗ್ಗಕ್ಕೆ ಬಾಯಿಲ್ಲ. ಹಿಂದೆಲ್ಲ ಆ ದಿನಗಳಲ್ಲಿ ನಾನು ಮಗನನ್ನು ಎತ್ತಿಕೊಂಡು ಹನೂರಿಗೆ ಹೋಗಿಬಿಡುತ್ತಿದ್ದೆ, ಈ ಸಲ ಅಂಗನವಾಡಿ ಇದ್ದುದರಿಂದ ಹೋಗಿರಲಿಲ್ಲ. ಮಾವನೂ ಅತ್ತೆಯೂ ಎಳೆ ಜೋಡಿಸುತ್ತಾ ಕೂತಿದ್ದರು. ಹುಡುಗ ತನ್ನ ಜಾಗದಲ್ಲಿ ಬೆನ್ನು ಹಾಕಿ ಆಡುತ್ತಿದ್ದ. ಮಾವ ಕರೆದರು. ತಿರುಗಲಿಲ್ಲ. ಮತ್ತೆ ಕರೆದರು.

"ಏನ್ಲಾ, ತಾತುನ್ ಮೇಲೆ ಮುನಿಸ್ಕಂಡಿದ್ದೀಯಾ?" ಎಂದು ನಕ್ಕರು. ಎರಡನೆಯ ದಿನವೂ ಅದೇ. ಆಮೇಲೆ ಅವರು ನಗುವುದನ್ನು ಬಿಟ್ಟರು.

ಎಳೆ ಜೋಡಿಸಿ ಮುಗಿದ ದಿನ ಮಾವ ಗುಂಡಿಗಿಳಿದು ನೇಯಲು ಶುರು ಮಾಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಮಗ್ಗ ನಿಂತಿತು. ಹುಡುಗ ತಿರುಗಿದ. ಸದ್ಯ, ಎಂದು ನನಗೆ ಉಸಿರು ಬಂತು. ಮಾವನ ಮುಖ ನೋಡಿದರೆ ರಕ್ತವೇ ಇರಲಿಲ್ಲ. ಮತ್ತೆ ಮಗ್ಗ ಓಡಿಸಿದರು, ಮತ್ತೆ ನಿಲ್ಲಿಸಿದರು, ಹುಡುಗ ಮತ್ತೆ ತಿರುಗಿ ನಕ್ಕ.

"ನಾನ್ ಕರೀನೇ ಇಲ್ಲ ಕಣವ್ವ," ಎಂದರು ಮಾವ ನನಗೆ. "ಎರಡ್ ಸಲಾನೂ ಬಾಯೇ ಬುಟ್ಟಿಲ್ಲ."

ನನಗೆ ಆಗಲೂ ತಿಳಿಯಲಿಲ್ಲ. ಮಾವ ಗುಂಡಿಯಿಂದ ಎದ್ದು ಬಂದು ಮಗುವಿನ ಪಕ್ಕ ಕೂತು, ಅವನ ಹಾಗೆಯೇ ಕಂಬಕ್ಕೆ ಬೆನ್ನು ಕೊಟ್ಟು, ನನ್ನನ್ನು ಮಗ್ಗಕ್ಕೆ ಕಳಿಸಿದರು. ನನಗೆ ನೇಯಲು ಎಲ್ಲಿ ಬರುತ್ತದೆ, ಎಳೆ ಬಡಿಯುವ ಹಲಗೆಯನ್ನು ಸುಮ್ಮನೆ ಎಳೆದು ಎಳೆದು ಬಡಿದೆ. ನಿಲ್ಲಿಸಿದೆ. "ಬೆನ್ನಿಗೇ ಗೊತ್ತಾಗ್ತದೆ," ಎಂದು ಮಾವ ಕಣ್ಣು ಮುಚ್ಚಿಕೊಂಡರು. ಅವನು ಯಾವತ್ತೂ ಅವರ ದನಿಗೆ ತಿರುಗಿರಲಿಲ್ಲ. ಕಂಬದ ನಡುಕ ನಿಂತಾಗಲೆಲ್ಲ ತಿರುಗಿದ್ದ. ಟ್ರ್ಯಾಕ್ಟರನ್ನು ಕಂಡುಕೊಂಡದ್ದೂ ಅಂಗಾಲಿನಿಂದಲೇ ಇರಬೇಕು.

ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಅವನನ್ನು ಮಲಗಿಸಿ, ತಲೆಗೆ ವೈರು ಅಂಟಿಸಿ ನೋಡಿದರು. ಎರಡೂ ಕಿವಿ ತೀರಾ ಮಂದ, ಪೂರ್ತಿ ಹೋಗಿಲ್ಲ, ಮೆಷಿನ್ ಹಾಕಿದರೆ ಮಾತಿನ ಸದ್ದು ತಲುಪಬಹುದು ಎಂದರು. ಮೆಷಿನ್ನನ್ನೂ ಬಹುದು ಎನ್ನುವ ಮಾತನ್ನೂ ಹಿಡಿದುಕೊಂಡು ಊರಿಗೆ ಬಂದೆವು. ಹುಡುಗ ಮೆಷಿನ್ ಹಾಕಿಕೊಂಡು ಮನೆಯಲ್ಲಿರುವಷ್ಟು ಹೊತ್ತು ಮಾವ ಮಗ್ಗ ಮುಟ್ಟಲಿಲ್ಲ. ನಾನು ಅವನ ಹಿಂದೆ ನಿಂತು "ಚಿನ್ನಾ" ಎಂದೆ. ಅತ್ತೆ "ರಾಜಾ" ಎಂದರು. ಅವನಪ್ಪ "ಮಗಾ", ಮಾವ "ಅಪ್ಪಾ". ಯಾವುದಕ್ಕೂ ತಿರುಗಲಿಲ್ಲ. ಮೆಷಿನ್ನೇ ಕೆಟ್ಟಿದೆ ಎಂದು ಮತ್ತೆ ಮೈಸೂರಿಗೆ ಓಡಿದೆವು. ಪರೀಕ್ಷೆ ಮಾಡುವ ಹುಡುಗಿ ನೋಡಿ, ಮೆಷಿನ್ ಸರಿಯಾಗಿದೆ, ಸದ್ದು ಹೋಗುತ್ತಿದೆ ಎಂದಳು.

"ಮತ್ತೆ ಯಾಕೆ ತಿರುಗಲ್ಲ?" ಎಂದು, ನಾವು ಕರೆದ ಹೆಸರುಗಳನ್ನೆಲ್ಲ ಹೇಳಿದೆ.

"ಅದು ತನ್ನ ಹೆಸರು ಅಂತ ಅವನಿಗೆ ಹೇಗೆ ಗೊತ್ತಾಗಬೇಕು, ಹೇಳಿ? ಇದುವರೆಗೆ ಒಂದು ಸಲವೂ ಕೇಳಿಲ್ಲ. ನೀವು ನಾಲ್ಕು ಜನ ನಾಲ್ಕು ಹೆಸರು ಹೇಳಬೇಡಿ. ಒಂದೇ ಹೆಸರು ಹಿಡಿದು ಎಲ್ಲರೂ ಅದನ್ನೇ ಕರೆಯಿರಿ."

ಮೂರು ತುಂಬುತ್ತಾ ಬಂದ ಹುಡುಗ, ತನಗೊಂದು ಹೆಸರಿದೆ ಎಂದೇ ತಿಳಿಯದೆ ನಮ್ಮ ನಡುವೆ ನಗುತ್ತಾ ಓಡಾಡಿಕೊಂಡಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ಯಾವ ಹೆಸರು ಎಂಬುದು ಇನ್ನೊಂದು ಪಜೀತಿಯಾಯಿತು. ನಾಮಕರಣದಲ್ಲಿ ಇಟ್ಟದ್ದು ಮಾವನ ತಂದೆಯ ಹೆಸರು. ಮಾವ ತಮ್ಮ ಅಪ್ಪನನ್ನು ಹೆಸರು ಹಿಡಿದು ಕೂಗುವವರಲ್ಲ. ಅತ್ತೆಯಂತೂ ಸೊಸೆಯಾಗಿ ಬಂದಂದಿನಿಂದ ತಮ್ಮ ಮಾವನ ಹೆಸರನ್ನು ಬಾಯಲ್ಲಿ ಆಡಿದವರೇ ಅಲ್ಲ. ಅದೇ ಹೆಸರಿನ ಅಂಗಡಿಯನ್ನೂ "ಆ ಮೂಲೆ ಅಂಗಡಿ" ಎನ್ನುತ್ತಿದ್ದರು. ಹಿರಿಯರ ಹೆಸರು ಇಟ್ಟೆವು, ಇಟ್ಟು ಮನೆಯಲ್ಲಿ ಯಾರೂ ಕರೆಯದ ಹಾಗೆ ಮಾಡಿದೆವು. ಸುಲಭದ ಒಂದು ಮುದ್ದು ಹೆಸರು ಸಾಕು ಎಂದೆ ನಾನು. ಶಾಲೆಗೆ ಹೋದ ಮೇಲೆ ಮತ್ತೆ ಇನ್ನೊಂದು ಕಲಿಯಬೇಕಾ ಎಂದರು ನನ್ನ ಗಂಡ. ಜಗಳವಾಯಿತು. ಅತ್ತೆ ಎದ್ದು ಒಳಗೆ ಹೋದರು.

ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಒಳಗಿನಿಂದ ಯಾರೋ ಆ ಹೆಸರು ಹಿಡಿದು ಕರೆದದ್ದು ಕೇಳಿಸಿತು. ಒದ್ದೆ ಕೈಯಲ್ಲೇ ಬಂದು ನೋಡಿದೆ. ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಹುಡುಗನ ಹಿಂದೆ ನೆಲದಲ್ಲಿ ಕೂತು, ದೊಡ್ಡ ದನಿಯಲ್ಲಿ ತಮ್ಮ ಮಾವನ ಹೆಸರು ಕೂಗುತ್ತಿದ್ದರು. ಕೂಗಿದಾಗೊಮ್ಮೆ ಕೆನ್ನೆ ಕೆನ್ನೆ ತಟ್ಟಿಕೊಳ್ಳುತ್ತಿದ್ದರು. ಅವತ್ತು ಅವನು ತಿರುಗಲಿಲ್ಲ. ಆಮೇಲೆಯೂ ಎಷ್ಟೋ ದಿನ ತಿರುಗಲಿಲ್ಲ. ಅತ್ತೆ ಕೂಗುವುದನ್ನು ಕೇಳಿ ಕೇಳಿ ನಾವೂ ಅದೇ ಹೆಸರಿಗೆ ಇಳಿದೆವು, ಕೊನೆಗೆ ಮಾವನೂ. ಇದು ಫಲ ಕೊಡುತ್ತದೋ, ಬರೀ ಗೋಡೆಗೆ ಕೂಗುತ್ತಿದ್ದೇವೋ, ನನಗೆ ಒಂದು ದಿನವೂ ಖಾತ್ರಿ ಇರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದಲೇ, ಅಭ್ಯಾಸಕ್ಕೆ ಬಿದ್ದವರ ಹಾಗೆ, ಅವನನ್ನು ಕರೆದರು. ಹುಡುಗನ ಕೈ ನಿಂತಿತು. ಅವನು ಮೊದಲು ಮಗ್ಗದ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಬಾಗಿಲ ಕಡೆ ನೋಡಿದ, ಮೇಲೆ ಜಂತೆಯ ಕಡೆ ನೋಡಿದ. ಅತ್ತೆ ಇನ್ನೊಮ್ಮೆ ಕರೆದರು. ಈ ಸಲ ಅವನು ಪೂರ್ತಿ ತಿರುಗಿ, ಅವರ ಬಾಯಿಯನ್ನೇ ನೋಡುತ್ತಾ ನಿಂತ. ಅದು ಯಾರನ್ನು ಎಂದು ಕೇಳುವಂತಿತ್ತು ಅವನ ಮುಖ.

ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಅವನ ಎದೆ ಮುಟ್ಟಿದರು.

"ನೀನೇ ಕಣಪ್ಪ," ಎಂದರು. "ಅದು ನೀನೇ."